ಶ್ರಾವಣಕ್ಕೆ ಬತ್ತೀವಿ ಮೇಡಂ

ಜೂನ್ 2, ಸೋಮವಾರ

ಹೆಡ್ಮೇಷ್ಟ್ರು ಕರಿಸಿದ್ದಪ್ಪನವರು ಶನಿವಾರ ಹಾರ ಹಾಕಿಸ್ಕೊಂಡು, ಶಾಲು ಹೊದ್ಕೊಂಡು, ಕಣ್ಣೊರೆಸ್ಕೊಂಡು ರಿಟೈರಾದ್ರು. ಪಾಪ, ಸ್ಕೂಲು ಬಿಟ್ಟು ಹೋಗೋ ದುಃಖ ಅಂತ ನಾನೂ ಒಂದಿಷ್ಟು ಅತ್ತೆ. ಅದು ದುಃಖ ಅಲ್ಲ, ಬಚಾವಾದೆ ಅನ್ನೋ ಸಂತೋಷ ಅಂತ ಇವತ್ತು ಗೊತ್ತಾಯ್ತು.

ಹೊಸಬರು ಬರೋವರೆಗೂ ಸೀನಿಯರ್ ಆದೋರು ಚಾರ್ಜ್ ತಗೋಬೇಕು. ಸೀನಿಯರ್ ಅಂದ್ರೆ ಹಾಲೇಶ್ ಸರ್. ಪ್ರಾರ್ಥನೆ ಮುಗಿಯೋದ್ರೊಳಗೆ ಆ ಮಹಾನುಭಾವರು ಡಾಕ್ಟರ್ ಸರ್ಟಿಫಿಕೇಟ್ ತಂದು ಟೇಬಲ್ ಮೇಲಿಟ್ರು. ಬಿಪಿಯಂತೆ. "ಟೆನ್ಷನ್ ತಗೋಬಾರ್ದು ಅಂದವ್ರೆ ಮೇಡಂ ಡಾಕ್ಟ್ರು. ನೀವು ಗಟ್ಟಿಗಿತ್ತಿ, ನಿಭಾಯಿಸ್ತೀರಾ." ನಿನ್ನೆ ಕಡೂರಲ್ಲಿ ಕಬಡ್ಡಿ ಪಂದ್ಯಕ್ಕೆ ರೆಫರಿಯಾಗಿ ಬಿಸಿಲಲ್ಲಿ ಸಾಯಂಕಾಲದ ತನಕ ವಿಸಿಲ್ ಊದಿದ ಮನುಷ್ಯ! ಆವಾಗ ಬಿಪಿ ಎಲ್ಲಿ ಹೋಗಿತ್ತೋ.

ಹಾಗೆ ಚಾರ್ಜ್ ನನ್ನ ಕೊರಳಿಗೆ ಬಿತ್ತು. ಏಳನೇ ಕ್ಲಾಸಿನ ಲೆಕ್ಕ ಮಾಡ್ಕೊಂಡು ನೆಮ್ಮದಿಯಾಗಿದ್ದೋಳು ನಾನು. ಈ ವರ್ಷವಾದ್ರೂ ಕಡೂರಿಗೆ ಟ್ರಾನ್ಸ್‌ಫರ್ ಸಿಗುತ್ತೆ, ಮನೆಯಿಂದ ನಡ್ಕೊಂಡೇ ಸ್ಕೂಲಿಗೆ ಹೋಗ್ಬಹುದು ಅಂತ ಅರ್ಜಿ ಬೇರೆ ಹಾಕಿದ್ದೆ. ಸಿಂಗಟಗೆರೆ ಬಸ್ಸಲ್ಲಿ ನಿಂತು ನಿಂತು ಈ ಸೀಗೆಕಟ್ಟೆಗೆ ಓಡಾಡಿ ನನ್ನ ಮಂಡಿ ಸವೆದು ಹೋಗಿದೆ.

ಗಂಡ ಅನ್ನಿಸ್ಕೊಂಡೋರು ಸಮಾಧಾನ ಹೇಳ್ಬೇಕು ತಾನೇ? ನಾಗೇಶ್ ಕೊಬ್ಬರಿ ಮಂಡಿಯಿಂದ ಬಂದೋರು ಚಪ್ಪಲಿ ಬಿಡ್ತಾ, "ಏನು ಹೆಡ್ ಮೇಡಂ, ಕಾಫಿ ಸಿಗುತ್ತಾ, ಅದಕ್ಕೂ ಅರ್ಜಿ ಹಾಕ್ಬೇಕಾ?" ಅಂತ ಹಲ್ಲು ಕಿರಿದ್ರು. ಮೈಯೆಲ್ಲ ಉರಿದೋಯ್ತು.

ಒಂದು ತಿಂಗಳು. ಅದಕ್ಕಿಂತ ಒಂದು ದಿನ ಹೆಚ್ಚು ಮಾಡಲ್ಲ.

ಜೂನ್ 10, ಮಂಗಳವಾರ

ವಾಟ್ಸಾಪ್ ಗ್ರೂಪ್ ಅನ್ನೋದನ್ನ ಕಂಡುಹಿಡಿದೋನು ಒಂದ್ಸಲ ನನ್ನ ಕೈಗೆ ಸಿಗ್ಬೇಕು. ಹಾಲು ಕಾಯಿಸೋಕೆ ಮುಂಚೆ ಶುರು. "ತುರ್ತು." "ಅತಿ ತುರ್ತು." "ಹನ್ನೊಂದರೊಳಗೆ ಸಲ್ಲಿಸದವರೇ ಜವಾಬ್ದಾರರು." ಕಳಿಸೋನು ಸಿಆರ್‌ಪಿ ತೀರ್ಥೇಶ್, ನಮ್ಮ ಸುತ್ತಲ ಸ್ಕೂಲುಗಳನ್ನೆಲ್ಲ ನೋಡ್ಕೊಳ್ಳೋ ಹುಡುಗ. ಅವನಿಗೆ ಮೇಲಿನೋರು ಬೈತಾರೆ, ಅವನು ನಮಗೆ ಬೈತಾನೆ. ನಾನು ಯಾರಿಗೆ ಬೈಲಿ? ಮನೆಗೆ ಬಂದು ಪಾತ್ರೆಗಳಿಗೆ ಬೈತೀನಿ.

ಇವತ್ತು ಮಕ್ಕಳು ಮೊಟ್ಟೆ ತಿನ್ನೋ ಫೋಟೋ ಬೇಕಿತ್ತು. ಕಳಿಸ್ದೆ. ಮೊಟ್ಟೆ ಕಾಣುತ್ತೆ, ಮಕ್ಕಳ ಮುಖ ಕಾಣಲ್ಲ ಅಂದ. ಮತ್ತೆ ತೆಗೆಯೋಣ ಅಂದ್ರೆ ಅಷ್ಟೊತ್ತಿಗೆ ಎಲ್ಲಾ ತಿಂದು ಕೈ ತೊಳ್ದಾಗಿತ್ತು. ಅಡುಗೆ ಯಲ್ಲಮ್ಮ ತನಗೇಂತ ಎತ್ತಿಟ್ಟಿದ್ದ ಒಂದು ಮೊಟ್ಟೆ ತಂದ್ಕೊಟ್ಲು. ಅದನ್ನೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿ ಫೋಟೋ ಹೊಡ್ದೆ. ಕೊನೇಲಿ ಅದನ್ನ ಯಾರೋ ತಿಂದೂ ಬಿಟ್ಟಿದ್ರು. ಯಲ್ಲಮ್ಮ ಸಾಯಂಕಾಲದ ತನಕ ನನ್ನ ಮಾತಾಡಿಸ್ಲಿಲ್ಲ.

ಏಳನೇ ಕ್ಲಾಸಿಗೆ ಇವತ್ತೂ ಹೋಗೋಕಾಗ್ಲಿಲ್ಲ. ಕಿಟಕಿಯಿಂದ ಇಣುಕಿ, "ಮಿಸ್, ಭಿನ್ನರಾಶಿ ಯಾವಾಗ ಮುಗಿಸ್ತೀರಾ?" ಅಂತಾವೆ. ಹೊಟ್ಟೆ ಉರಿಯುತ್ತೆ. ನನ್ನ ಕೆಲಸ ಅದು ಕಣ್ರಪ್ಪಾ, ಮೊಟ್ಟೆ ಮೆರವಣಿಗೆ ಅಲ್ಲ.

ಜೂನ್ 17, ಮಂಗಳವಾರ

ಹೊಸ ಆದೇಶ. ಈ ವರ್ಷ ನಮ್ಮ ಸ್ಕೂಲಿಗೆ ಒಂದನೇ ಕ್ಲಾಸು ಇಂಗ್ಲಿಷ್ ಮೀಡಿಯಂ ಮಂಜೂರಾಗಿದೆ. ಆದ್ರೆ ಹದಿನೈದು ಮಕ್ಕಳು ಇರ್ಬೇಕು. ಜುಲೈ ಹತ್ತರೊಳಗೆ ಹೆಸರುಗಳು ಕಂಪ್ಯೂಟರಿಗೆ ಹೋಗ್ಬೇಕು, ಆಮೇಲೆ ತೀರ್ಥೇಶ್ ಬಂದು ಮಕ್ಕಳನ್ನ ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಮಂಜೂರಾತಿ ವಾಪಸ್. ನಮ್ಮಲ್ಲಿ ಒಂದನೇ ಕ್ಲಾಸಿಗೆ ಸೇರಿರೋದು ಆರು ಮಕ್ಕಳು. ಊರಿನ ಮಿಕ್ಕ ಮಕ್ಕಳೆಲ್ಲ ಬೆಳಗಾದ್ರೆ ಟೈ ಕಟ್ಕೊಂಡು ಹಳದಿ ವ್ಯಾನ್ ಹತ್ತಿ ಕಡೂರಿನ ಕಾನ್ವೆಂಟಿಗೆ ಹೋಗ್ತಾವೆ, ಇಲ್ಲ ಹೋಗೋಕೆ ತಯಾರಾಗಿವೆ.

ಸಂಜೆ ತೀರ್ಥೇಶ್ ಫೋನ್ ಮಾಡಿ ಗುಟ್ಟು ಹೇಳೋನ ಹಾಗೆ ದನಿ ತಗ್ಗಿಸಿದ. "ಮೇಡಂ, ಹದಿನೈದು ಆಗ್ಲಿಲ್ಲ ಅಂದ್ರೆ ನಿಮಗೇ ಲಾಭ. ನಿಮ್ಮ ಸ್ಕೂಲಲ್ಲಿ ಒಂದು ಪೋಸ್ಟು ಹೆಚ್ಚುವರಿ ಆಗುತ್ತೆ. ಕಡೂರಲ್ಲಿ ಲೆಕ್ಕದ ಪೋಸ್ಟ್ ಖಾಲಿ ಐತೆ. ನಿಮ್ಮನ್ನ ಅಲ್ಲಿಗೆ ಹಾಕ್ಸೋಣ. ಸುಮ್ನೆ ಕೂತ್ಕಳ್ಳಿ, ಸಾಕು."

ಸುಮ್ನೆ ಕೂತ್ರೆ ಕಡೂರು! ಇಪ್ಪತ್ತೆರಡು ವರ್ಷ ಗೇಯ್ದರೂ ಬರದಿದ್ದ ಭಾಗ್ಯ. ನಾಗೇಶ್ ಅಂತೂ ಪೇಟೆಗೆ ಹೋಗಿ ಮೈಸೂರು ಪಾಕ್ ತಂದ್ರು. ನಾಲ್ಕು ತುಂಡು ತಿಂದೆ.

ಜೂನ್ 20, ಶುಕ್ರವಾರ

ಎಸ್‌ಡಿಎಂಸಿ ಅಂದ್ರೆ ಸ್ಕೂಲು ಕಮಿಟಿ, ಅದರ ಅಧ್ಯಕ್ಷ ಚನ್ನಬಸಪ್ಪನವರು ಹಾಲಿನ ಡೇರಿ ಮುಂದೆ ಕೂತು ಏನಂದ್ರು ಅಂತ ಯಲ್ಲಮ್ಮ ಬಂದು ಒಪ್ಪಿಸಿದ್ಲು. "ಆ ಮೇಡಮ್ಮಂಗೆ ಇಂಗ್ಲಿಷ್ ಕ್ಲಾಸು ಬಂದ್ರೇನು, ಹೋದ್ರೇನು? ಬಸ್ಸಿಗೆ ಬತ್ತಾರೆ, ಬಸ್ಸಿಗೆ ಹೋಗ್ತಾರೆ. ಊರಿನ ಮಕ್ಳೇನು ಅವ್ರ ಹೊಟ್ಟೇಲಿ ಹುಟ್ಟವಾ?"

ಸ್ವಂತ ಮೊಮ್ಮಗಳನ್ನ ಹಳದಿ ವ್ಯಾನಿಗೆ ಹತ್ತಿಸೋ ಮನುಷ್ಯ ಹೇಳೋ ಮಾತಾ ಇದು? ಕೋಪಕ್ಕೆ ಮಧ್ಯಾಹ್ನ ಊಟ ಸೇರ್ಲಿಲ್ಲ. ನಾಳೆ ಮನೆ ಮನೆಗೂ ಹೋಗ್ತೀನಿ. ಮಕ್ಕಳು ಸಿಗಲಿ ಅಂತಲ್ಲ, ಸಿಗಲ್ಲ ಅಂತ ನಂಗೂ ಗೊತ್ತು. ಆದ್ರೆ ಮೇಡಂ ಪ್ರಯತ್ನಾನೇ ಮಾಡ್ಲಿಲ್ಲ ಅಂತ ಯಾವನೂ ಬಾಯಿ ಬಿಡಬಾರದು. ಅಷ್ಟೇ.

ಜೂನ್ 24, ಮಂಗಳವಾರ

ಸಿಕ್ಕಿದ್ರು.

ತೋಟದ ಮನೆಗಳನ್ನೂ ಬಿಡ್ಲಿಲ್ಲ. ಮಾನಸಾನ ಜೊತೆಗೆ ಕರ್ಕೊಂಡು ಹೋಗಿದ್ದೆ, ನಮ್ಮ ಅತಿಥಿ ಶಿಕ್ಷಕಿ. ಚಿಕ್ಕ ಹುಡುಗಿ, ಇಂಗ್ಲಿಷು ಪಟಪಟ ಅಂತ ಮಾತಾಡ್ತಾಳೆ. ಒಂದೊಂದು ಅಂಗಳದಲ್ಲೂ ಅವಳ ಬಾಯಲ್ಲಿ ಒಂದು ಪದ್ಯ ಹೇಳಿಸ್ದೆ. ಹೆಂಗಸರು ಬಾಯಿಬಿಟ್ಕೊಂಡು ಕೇಳಿದ್ರು. "ವ್ಯಾನಿಗೆ ಕಟ್ಟೋ ದುಡ್ಡು ಉಳಿಯುತ್ತೆ, ಮಧ್ಯಾಹ್ನ ಬಿಸಿ ಊಟ, ಮಗು ಕಣ್ಮುಂದೆ ಇರುತ್ತೆ" ಅಂದೆ. ಹುಲಿಯಮ್ಮ ಅಂತ ಒಬ್ಬಾಕೆ, ದೊಡ್ಡ ಕುಂಕುಮದ, ಅದಕ್ಕಿಂತ ದೊಡ್ಡ ಗಂಟಲಿನ ಅಜ್ಜಿ. ಮೊಮ್ಮಗಳು ಹೇಮಶ್ರೀನ ಮುಂದಕ್ಕೆ ತಳ್ಳಿ, "ತಗಳವ್ವ, ಇವಳ್ನ ನಿನ್ ಮಡ್ಲಿಗೆ ಹಾಕ್ತೀನಿ" ಅಂದೇ ಬಿಟ್ಲು. ಆಧಾರ್ ಜೆರಾಕ್ಸ್ ಕೊಟ್ಟೋರು ಒಂಬತ್ತು ಮನೆ. ಆರಕ್ಕೆ ಒಂಬತ್ತು ಸೇರಿದ್ರೆ ಸರಿಯಾಗಿ ಹದಿನೈದು!

"ಹಾಗಾದ್ರೆ ನಾಳೆ ಕರ್ಕೊಂಡು ಬನ್ನಿ" ಅಂದೆ. "ನಾಳೆ ಅಮಾಸೆ ಅಲ್ವ್ರಾ" ಅಂದ್ರು. "ನಾಡಿದ್ದು?" "ನಾಡಿದ್ದಿಂದ ಆಷಾಢ ಕಣ್ ಮೇಡಂ. ಶ್ರಾವಣಕ್ಕೆ ಬತ್ತೀವಿ."

ಶ್ರಾವಣ ಶುರುವಾಗೋದು ಜುಲೈ ಇಪ್ಪತ್ತೈದಕ್ಕೆ.

ಜೂನ್ 30, ಸೋಮವಾರ

ಆಷಾಢದಲ್ಲಿ ಹೊಸ ಸೊಸೆ ಅತ್ತೆ ಮನೇಲಿರಬಾರದು, ಸರಿ. ಮದುವೆ ಮಾಡಬಾರದು, ಗೃಹಪ್ರವೇಶ ಮಾಡಬಾರದು, ಅದೂ ಸರಿ. ಒಂದನೇ ಕ್ಲಾಸಿಗೂ ಸೇರಿಸಬಾರದಾ? ಮನೆ ಮನೆಗೂ ಮತ್ತೆ ಹೋದೆ. ಎಲ್ಲರೂ ನಗ್ತಾ ಕಾಫಿ ಕೊಡ್ತಾರೆ, ಮಗೂನ ಕೊಡಲ್ಲ. "ಅಕ್ಷರ ಕಲಿಯೋ ಕೆಲ್ಸ ಮೇಡಂ, ಕೆಟ್ಟ ತಿಂಗ್ಳಲ್ಲಿ ಶುರು ಮಾಡಿ ಆಮೇಲೆ ವಿದ್ಯೆ ಹತ್ಲಿಲ್ಲ ಅಂದ್ರೆ?" ಕಾನ್ವೆಂಟಿಗಾದ್ರೆ ಮೇ ತಿಂಗಳಲ್ಲೇ ದುಡ್ಡು ಕಟ್ಟಿ ಬಂದಿರ್ತಾರೆ. ನಮ್ಮ ಸ್ಕೂಲಿಗೆ ಮಾತ್ರ ಪಂಚಾಂಗ.

ತೀರ್ಥೇಶ್‌ಗೆ ಫೋನ್ ಮಾಡಿ ಹದಿನೈದು ದಿನ ಟೈಮ್ ಕೇಳ್ದೆ. "ಸಾಫ್ಟ್‌ವೇರಿಗೆ ಆಷಾಢ ಗೊತ್ತಾಗಲ್ಲ ಮೇಡಂ" ಅಂತ ನಕ್ಕ. "ನಾನು ಅವತ್ತೇ ಹೇಳ್ಲಿಲ್ವಾ, ಸುಮ್ನೆ ಕೂತ್ಕಳ್ಳಿ ಅಂತ? ನಿಮಗ್ಯಾಕೆ ಈ ಉಸಾಬರಿ?"

ಅದೇ ನಂಗೂ ಗೊತ್ತಾಗ್ತಿಲ್ಲ. ಬಹುಶಃ ಚನ್ನಬಸಪ್ಪನ ಮಾತಿಂದ ಇರ್ಬೇಕು.

ಜುಲೈ 7, ಸೋಮವಾರ

ಒಂದು ಉಪಾಯ ಹೊಳೀತು. ಆಧಾರ್ ಜೆರಾಕ್ಸ್ ನನ್ನ ಹತ್ರಾನೇ ಇದೆ. ಸೇರಿಸ್ತೀವಿ ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಹೆಸರು ಕಂಪ್ಯೂಟರಲ್ಲಿ ಇರಲಿ, ಮಗು ಮನೇಲಿರಲಿ. ಶ್ರಾವಣ ಬಂದಾಗ ಅವರ ಪೂಜೆ ಅವರು ಮಾಡ್ಕೊಂಡು ಬರ್ಲಿ. ಯಾರಿಗೇನು ನಷ್ಟ?

ಒಂಬತ್ತು ಹೆಸರೂ ಹಾಕಿಬಿಟ್ಟೆ. ಸರ್ವರ್ ಕೂಡ ಒಂದೇ ಸಲಕ್ಕೆ ಒಪ್ಕೊಳ್ತು. ಲೆಕ್ಕದ ತಲೆ ಅಂದ್ರೆ ಇದು! ಬಸ್ಸಲ್ಲಿ ಸೀಟೂ ಸಿಕ್ತು.

ಜುಲೈ 9, ಬುಧವಾರ

ಆ ದರಿದ್ರ ಕಂಪ್ಯೂಟರು ಹೆಸರು ಹಾಕಿದ ಕೂಡಲೇ ಅಪ್ಪ ಅಮ್ಮಂದಿರ ಫೋನಿಗೆ ಮೆಸೇಜ್ ಕಳಿಸುತ್ತಂತೆ. "ಅಭಿನಂದನೆಗಳು, ನಿಮ್ಮ ಮಗು ಇಂದು ಶಾಲೆಗೆ ದಾಖಲಾಗಿದೆ." ತಾರೀಕು ಸಮೇತ! ನಂಗೆ ಯಾರೂ ಹೇಳಿರ್ಲಿಲ್ಲ. ಮೊಟ್ಟೆ ಫೋಟೋಗೆ ನೂರು ಮೆಸೇಜ್ ಕಳಿಸ್ತಾರೆ, ಇದನ್ನ ಒಬ್ಬನೂ ಹೇಳ್ಲಿಲ್ಲ.

ಹುಲಿಯಮ್ಮ ಎರಡನೇ ಪೀರಿಯಡ್ಡಿಗೆ ಬಂದ್ಲು. ಗೇಟಿನ ಹೊರಗೇ ನಿಂತ್ಕೊಂಡ್ಲು. ಇಡೀ ಸ್ಕೂಲಿಗೆ, ಇಡೀ ಬೀದಿಗೆ ಕೇಳೋ ಹಾಗೆ ಬಾಯಿ ಮಾಡಿದ್ಲು.

"ಆಷಾಢದಾಗೆ ನನ್ ಮೊಮ್ಮಗೀನ ಹೆಸ್ರು ಬರ್ದ್ಯಲ್ಲೇ ಮಾರಾಯ್ತಿ! ಮೆಸೇಜು ಬಂದ ಸಂಜೆಯಿಂದ ಮಗಾ ಜ್ವರ ಜ್ವರ ಅಂತ ಮಲಗೈತೆ. ತುತ್ತು ಅನ್ನ ಮುಟ್ಟಿಲ್ಲ. ಕೇಳ್ದ್ಯಾ ನನ್ನ? ಕದ್ದು ಬರ್ದ್ಯಲ್ಲ!"

ಊರಲ್ಲಿ ಎಲ್ಲ ಮಕ್ಕಳಿಗೂ ಜ್ವರ ಇದೆ ಅಜ್ಜಿ, ಮಳೆಗಾಲ ಅಂದೆ. ಅದು ಇನ್ನೂ ಕೆಟ್ಟದಾಯ್ತು. ಮಧ್ಯಾಹ್ನದೊಳಗೆ ಮಿಕ್ಕ ಎಂಟು ಮನೆಯೋರೂ ಬಂದ್ರು. ಹೆಸರು ತೆಗೀರಿ, ಜೆರಾಕ್ಸ್ ವಾಪಸ್ ಕೊಡಿ. ಒಬ್ಬಾಕೆ ಅಂದ್ಲು, "ನಿಮ್ ಮಗು ಆಗಿದ್ರೆ ಹಿಂಗ್ ಮಾಡ್ತಿದ್ರಾ?"

ಚನ್ನಬಸಪ್ಪನವರು ಶುಕ್ರವಾರ ಸಭೆ ಕರೆದಿದ್ದಾರೆ. ಹಾಲೇಶ್ ಸರ್ ಇಡೀ ಹೊತ್ತು ಸ್ಟಾಫ್ ರೂಮಿನ ಬಾಗಿಲು ಹಾಕ್ಕೊಂಡು ಕೂತಿದ್ರು. ಬಿಪಿ ಅಲ್ವಾ.

ಜುಲೈ 10, ಗುರುವಾರ

ನಾಗೇಶ್ ಅಂತಾರೆ, "ಬಿಡೇ ಅತ್ಲಾಗೆ. ಒಂಬತ್ತು ಹೆಸರು ಅಳಿಸಿ ಬಿಸಾಕು. ಕಡೂರಿಗೆ ಬಾ. ನಿಂಗೂ ಅದೇ ತಾನೇ ಬೇಕಾಗಿದ್ದಿದ್ದು?"

ಹೌದು, ಅದೇ. ಬರೆಯೋಕೆ ಮನಸ್ಸಿಲ್ಲ.

ಜುಲೈ 11, ಶುಕ್ರವಾರ

ಸಭೆಗೆ ಮುಂಚೆ ಹುಲಿಯಮ್ಮನ ಮನೆಗೆ ಹೋದೆ. ಯಾಕೆ ಹೋದೆ ಅಂದ್ರೆ, ಮಗು ಹೇಗಿದೆ ಅಂತ ಯಾರನ್ನ ಕೇಳಿದ್ರೂ ಸರಿಯಾಗಿ ಹೇಳ್ತಿರ್ಲಿಲ್ಲ, ನಿದ್ದೆ ಬರ್ತಿರ್ಲಿಲ್ಲ. ಹೇಮಶ್ರೀ ಜಗಲಿ ಮೇಲೆ ಕಂಬಳಿ ಹೊದ್ದು ಮಂಡಕ್ಕಿ ತಿಂತಿದ್ಲು. ಆಸ್ಪತ್ರೆಯ ಸಿರಪ್ಪು ಪಕ್ಕದಲ್ಲಿತ್ತು. ನನ್ನ ನೋಡಿ ಕಂಬಳಿ ಒಳಗೆ ತಲೆ ಎಳ್ಕೊಂಡ್ಲು. ನಂಗೆ ಅಲ್ಲೇ ಕಣ್ಣಲ್ಲಿ ನೀರು ಬಂತು, ಎಂಥಾ ಅವಮಾನ. ಹುಲಿಯಮ್ಮ ನೋಡಿದ್ಲು, ಕೂತ್ಕೋ ಅಂತಾನೂ ಅನ್ಲಿಲ್ಲ.

ಸಭೆಯಲ್ಲಿ ಎಲ್ಲ ನನ್ನನ್ನೇ ನೋಡ್ತಿದ್ರು. ಸಮಜಾಯಿಷಿ ಬರ್ಕೊಂಡು ಹೋಗಿದ್ದೆ: ಕೊನೇ ದಿನಾಂಕ, ಆದೇಶ, ಊರಿನ ಹಿತ ಅಂತ. ಓದಲಿಲ್ಲ.

"ತಪ್ಪಾಯ್ತು" ಅಂದೆ. "ನಿಮ್ಮನ್ನ ಕೇಳದೆ ನಿಮ್ಮ ಮಕ್ಕಳ ಹೆಸರು ಬರೆದಿದ್ದು ನನ್ನ ತಪ್ಪು. ಇವತ್ತೇ ಅಳಿಸಿಬಿಡ್ತೀನಿ. ಅಳಿಸಿದ್ರೆ ಇಂಗ್ಲಿಷ್ ಕ್ಲಾಸು ಹೋಗುತ್ತೆ. ಅದನ್ನೂ ಹೇಳಿಬಿಡ್ತೀನಿ, ಆಮೇಲೆ ಮೇಡಂ ಮುಚ್ಚಿಟ್ರು ಅನ್ಬೇಡಿ."

ತಪ್ಪಾಯ್ತು ಅನ್ನೋಕೆ ನಾಲಿಗೆ ಎಷ್ಟು ಭಾರ ಆಗುತ್ತೆ! ನಾಗೇಶ್‌ಗೆ ಮದುವೆಯಾದಾಗಿಂದ ಒಂದ್ಸಲಾನೂ ಹೇಳಿಲ್ಲ.

ಚನ್ನಬಸಪ್ಪನವರು ಗಂಟಲು ಸರಿ ಮಾಡ್ಕೊಂಡು, "ಸರಿ, ಹಂಗಾರೆ ಅಳ್ಸಿ" ಅಂದ್ರು. ಆಗ ಬಾಗಿಲಾಚೆ ನಿಂತಿದ್ದ ಹುಲಿಯಮ್ಮ ಅಲ್ಲಿಂದಲೇ ಗದರಿದ್ಲು.

"ಯಾರ್ಲಾ ಅದು ಅಳ್ಸಿ ಅನ್ನೋನು? ಬದುಕಿರೋ ಮಗೀನ ಹೆಸ್ರು ಅಳ್ಸ್ತಾರೇನ್ಲಾ? ಬರ್ದಿದ್ದು ತಪ್ಪು. ಅಳ್ಸೋದು ಅದಕ್ಕಿಂತ ಅಪಶಕುನ. ಇದ್ದಂಗೇ ಇರ್ಲಿ." ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಆದ್ರೆ ಕೇಳವ್ವಾ, ಶ್ರಾವಣ ಹುಟ್ಟೋಗಂಟ ಮಗಾ ನಿನ್ ಸ್ಕೂಲ್ ಹೊಸ್ಲು ದಾಟಂಗಿಲ್ಲ."

ಅಳಿಸೋದು ಅಪಶಕುನ ಅಂದ ಮೇಲೆ ಇನ್ಯಾರು ಅಳಿಸು ಅಂತಾರೆ? ಎಂಟು ಮನೆಯೋರೂ ಬಾಯಿ ಮುಚ್ಕೊಂಡು ಎದ್ದು ಹೋದ್ರು.

ಜುಲೈ 16, ಬುಧವಾರ

ಇವತ್ತು ತೀರ್ಥೇಶ್ ಮಕ್ಕಳನ್ನ ಕಣ್ಣಾರೆ ನೋಡೋ ದಿನ. ಹೊಸ್ಲು ದಾಟಂಗಿಲ್ಲ ಅಂತ ಹುಲಿಯಮ್ಮನ ಕಟ್ಟಪ್ಪಣೆ. ಎರಡು ದಿನ ತಲೆ ಕೆಟ್ಟು ಗೊಬ್ಬರ ಆಗಿತ್ತು. ಕೊನೆಗೆ ಅವರು ಹೊಸ್ಲು ದಾಟ್ಬಾರ್ದು ಅಷ್ಟೇ ತಾನೇ, ನಾನು ದಾಟ್ಬಹುದಲ್ಲ ಅನ್ನಿಸ್ತು.

ಈ ಸಲ ಕದ್ದು ಮಾಡ್ಲಿಲ್ಲ. ಒಂಬತ್ತು ಮನೆಗೂ ಹೋಗಿ ಕೇಳ್ದೆ. "ಊರೊಳಗೆ ಜಗಲಿ ಮೇಲೆ ಕೂತು ಪದ್ಯ ಹೇಳಿದ್ರೆ ಪರವಾಗಿಲ್ವಾ? ಸ್ಲೇಟು, ಬಳಪ ಮುಟ್ಟಿಸಲ್ಲ." ಯೋಚನೆ ಮಾಡಿ, ಅವರವರೇ ಮಾತಾಡ್ಕೊಂಡು, ಹೂಂ ಅಂದ್ರು. ಊರಲ್ಲಿ ಹದಿನೈದು ಮಕ್ಕಳು ಕೂರೋ ಜಗಲಿ ಇರೋದು ಒಬ್ಬರ ಮನೇಲೇ. ಚನ್ನಬಸಪ್ಪನವರ ಹತ್ರ ಹೋಗಿ, "ನಿಮ್ಮ ಜಗಲಿ ಬೇಕು" ಅಂದೆ. ಅಧ್ಯಕ್ಷರು ಇಲ್ಲ ಅನ್ನೋಕಾಗುತ್ತಾ?

ಮಾನಸ ಕುಣಿದು ಕುಣಿದು ಪದ್ಯ ಹೇಳಿಸಿದ್ಲು. ಹೇಮಶ್ರೀ ಎಲ್ಲರಿಗಿಂತ ಜೋರು, ಅಜ್ಜಿಯ ಗಂಟಲೇ ಬಂದಿದೆ. ಹಳದಿ ವ್ಯಾನ್ ಬಂತು. ಚನ್ನಬಸಪ್ಪನವರ ಮೊಮ್ಮಗಳು ಟೈ ಹಿಡ್ಕೊಂಡು, "ನಾನೂ ಇಲ್ಲೇ ಕೂತ್ಕಂತೀನಿ" ಅಂತ ನೆಲಕ್ಕೆ ಬಿದ್ದು ಹೊರಳಾಡಿದ್ಲು. ಅವಳನ್ನ ಎತ್ತಿ ವ್ಯಾನಿಗೆ ಹಾಕೋವಾಗ ಅಧ್ಯಕ್ಷರ ಮುಖ ನೋಡ್ಬೇಕಿತ್ತು. ನಾನು ನೋಡ್ದೆ, ಚೆನ್ನಾಗಿ ನೋಡ್ದೆ.

ತೀರ್ಥೇಶ್ ಬಂದು, "ಇದೇನ್ ಮೇಡಂ, ಸ್ಕೂಲು ಎಲ್ಲಿ?" ಅಂದ. "ಮಕ್ಕಳು ಇದ್ದಲ್ಲಿ ಸ್ಕೂಲು. ಎಣಿಸ್ಕೊಳ್ಳಪ್ಪಾ" ಅಂದೆ. ಎಣಿಸಿ, ಹೆಸರು ಕೇಳಿ, ತಲೆ ಕೆರ್ಕೊಂಡು ಏನೋ ಬರ್ಕೊಂಡ. "ಏನು ಬರ್ದೆ?" ಅಂತ ಕೇಳಿದ್ರೆ, "ಸಮುದಾಯ ಆಧಾರಿತ ಹೊರಾಂಗಣ ಕಲಿಕೆ" ಅಂದ.

ಆರು ಗಂಟೆ ಬಸ್ಸಿಗೆ ಬಂದೆ. ಕಾಲು ನೋಯ್ತಿದೆ. ನಾಗೇಶ್ ಬಿಸಿನೀರು ಕಾಯಿಸಿಕೊಟ್ರು, ಕಡೂರಿನ ಮಾತೆತ್ಲಿಲ್ಲ.

ಜುಲೈ 18, ಶುಕ್ರವಾರ

ಗ್ರೂಪಲ್ಲಿ ಮೆಸೇಜು: "ಸೀಗೆಕಟ್ಟೆ ಮಾದರಿಯಲ್ಲಿ ಎಲ್ಲ ಶಾಲೆಗಳೂ ಹೊರಾಂಗಣ ಕಲಿಕೆ ನಡೆಸಿ ಹನ್ನೊಂದರೊಳಗೆ ಫೋಟೋ ಹಾಕತಕ್ಕದ್ದು. ಅತಿ ತುರ್ತು." ಬೆಳಗ್ಗೆಯಿಂದ ಎಲ್ಲ ಹೆಡ್ಮೇಷ್ಟ್ರುಗಳೂ ಫೋನ್ ಮಾಡಿ ನಂಗೆ ಬೈತಿದ್ದಾರೆ.

ಜುಲೈ 25, ಶುಕ್ರವಾರ

ಇವತ್ತಿನಷ್ಟು ತಲೆ ಚಿಟ್ಟು ಹಿಡಿದ ದಿನ ಇನ್ನೊಂದಿಲ್ಲ.

ಶ್ರಾವಣ ಹುಟ್ತು. ಒಂಬತ್ತಕ್ಕೆಲ್ಲ ಗೇಟಿನ ಮುಂದೆ ಜಾತ್ರೆ. ಎಣ್ಣೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿ, ಮನೆ ಮಂದಿಯೆಲ್ಲ ತಟ್ಟೆ ತುಂಬ ಅಕ್ಕಿ, ತೆಂಗಿನಕಾಯಿ, ಹೂವು ಹಿಡ್ಕೊಂಡು ಬಂದಿದ್ದಾರೆ. ಮಗು ಕೈ ಹಿಡಿದು ಅಕ್ಕಿ ಮೇಲೆ ಅಕ್ಷರ ಬರೆಸಬೇಕು. ಒಂದನೇ ಕ್ಲಾಸಿಗೆ ಮಾನಸ ಇದ್ದಾಳೆ, ಅವಳು ಬರೆಸ್ತಾಳೆ ಅಂದ್ರೆ ಹುಲಿಯಮ್ಮ ಒಪ್ಪಲ್ಲ. "ಬರ್ದ ಕೈಯೇ ಬರೆಸ್ಬೇಕು. ಹೆಡ್ ಮೇಡಮ್ಮೇ ಕೂತ್ಕಬೇಕು."

ಕೂತೆ. ಈ ಮಂಡಿ ಇಟ್ಕೊಂಡು ನೆಲದ ಮೇಲೆ. ಒಂದೊಂದು ಕೈಯೂ ಬೆಣ್ಣೆ ಮುದ್ದೆ. ಕೆಲವು ನಗ್ತಾವೆ, ಕೆಲವು ಅಳ್ತಾವೆ, ಒಬ್ಬ ಅಕ್ಕಿ ತಿಂತಾನೆ. ಅಷ್ಟರಲ್ಲಿ ಫೋನು ಬಡ್ಕೊಳ್ಳೋಕೆ ಶುರು. ತೀರ್ಥೇಶ್.

"ಮೇಡಂ, ಕಡೂರಿನ ಪೋಸ್ಟಿಗೆ ಯಾರೂ ಬಂದಿಲ್ಲ. ನಿಮ್ಮನ್ನೇ ಡೆಪ್ಯುಟೇಷನ್ ಮೇಲೆ ಹಾಕ್ತಾರಂತೆ. ಇಂಗ್ಲಿಷ್ ಕ್ಲಾಸಿಗೂ ತೊಂದ್ರೆ ಇಲ್ಲ. ಚಾರ್ಜ್ ತಗೋತೀನಿ ಅಂತ ಹಾಲೇಶ್ ಸರ್ರೇ ಹೇಳವ್ರೆ, ಬಿಪಿ ನಾರ್ಮಲ್ ಆಗೈತಂತೆ. ಹತ್ತೂವರೆಗೆ ಸಾಹೇಬ್ರು ಮೀಟಿಂಗಿಗೆ ಹೊರಡ್ತಾರೆ. ಅಷ್ಟ್ರೊಳಗೆ 'ಒಪ್ಪಿಗೆ' ಅಂತ ಒಂದೇ ಒಂದು ಮೆಸೇಜ್ ಹಾಕಿ, ಸಾಕು. ತಡ ಆದ್ರೆ ಬೇರೆಯೋರಿಗೆ ಕೊಟ್ಬಿಡ್ತಾರೆ."

ಹಾಕ್ತೀನಿ ಅಂದೆ. ಹಾಕೋಳೇ ಇದ್ದೆ. ಆಗ ಉಳಿದಿದ್ದಿದ್ದು ಹೇಮಶ್ರೀ ಒಬ್ಬಳೇ. ಅಷ್ಟು ಗಂಟಲಿರೋ ಹುಡುಗಿ, ತಟ್ಟೆ ಮುಂದೆ ಕೂರಿಸಿದ್ರೆ ಮುಷ್ಟಿ ಬಿಗಿ ಹಿಡಿದು ಬಿಡಲ್ಲ ಅಂತಾಳೆ. ಅಜ್ಜಿ ಗದರಿಸಿದ್ಲು, ಅಪ್ಪ ಬೆಲ್ಲ ಕೊಟ್ಟ, ಊಹೂಂ. ಎಲ್ಲರೂ ಆಚೆ ನಿಲ್ಲಿ ಅಂತ ಕಳಿಸಿ, ಅವಳನ್ನ ತೊಡೆ ಮೇಲೆ ಕೂರಿಸ್ಕೊಂಡೆ. "ಜ್ವರ ಬರುತ್ತಾ ಮಿಸ್?" ಅಂತ ಕಿವಿಯಲ್ಲಿ ಕೇಳಿದ್ಲು. "ಬರಲ್ಲ ಕಣಮ್ಮಾ, ನಾನಿದೀನಲ್ಲ" ಅಂದೆ. ಒಂದೊಂದೇ ಬೆರಳು ಬಿಡಿಸಿದ್ಲು. ಬರೆಸಿದೆ. ದೊಡ್ಡದಾಗಿ, ತಟ್ಟೆಯ ಈ ತುದಿಯಿಂದ ಆ ತುದಿಗೆ.

ತಲೆ ಎತ್ತಿ ಗಡಿಯಾರ ನೋಡಿದ್ರೆ ಹತ್ತೂ ಮೂವತ್ತೊಂದು. ಕಡೂರಿನ ಪೋಸ್ಟು ಮಧ್ಯಾಹ್ನದ ಹೊತ್ತಿಗೆ ಬೇರೆ ಯಾರಿಗೋ ಹೋಯ್ತಂತೆ.

ಎಲ್ಲ ಆ ಹುಡುಗಿಯಿಂದ ಆಗಿದ್ದು. ಇನ್ನೂ ಎಷ್ಟು ದಿನ ಈ ಚಾರ್ಜ್ ಹೊತ್ಕೊಂಡು ಸಾಯ್ಬೇಕೋ. ಸೋಮವಾರಕ್ಕೆ ಒಂದನೇ ಕ್ಲಾಸಿಗೆ ಮಣೆ ತರಿಸ್ಬೇಕು, ಆ ಮೂಲೇಲಿ ಸೋರೋ ಹೆಂಚು ಹೊದಿಸ್ಬೇಕು. ಹಾಲೇಶ್ ಸರ್ ಕೈಗೆ ಕೊಟ್ರೆ ಮಕ್ಕಳು ನೆನೀತಾ ಕೂರ್ಬೇಕು ಅಷ್ಟೇ.

ನಾಗೇಶ್ ಎಲ್ಲ ಕೇಳಿಸ್ಕೊಂಡು, "ಅಲ್ಲ ಕಣೇ, ಒಂದು ಪದ ಟೈಪ್ ಮಾಡೋಕೆ ಎಷ್ಟೊತ್ತು? ಮೊದ್ಲು ಮೆಸೇಜ್ ಹಾಕಿ, ಆಮೇಲೆ ಆ ಮಗೂಗೆ ಬರೆಸಬಹುದಿತ್ತಲ್ಲ?" ಅಂದ್ರು.

"ಆಮೇಲೆ ಅಂದ್ರೆ ಹೇಗ್ರೀ? ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವಾಗಲ್ವಾ!" ಅಂದೆ.

ಅವರು ನನ್ನ ಮುಖ ನೋಡಿ ನಗೋಕೆ ಶುರು ಮಾಡಿದೋರು ನಿಲ್ಲಿಸ್ಲೇ ಇಲ್ಲ. ಅಂಥಾ ನಗು ಬರೋ ಮಾತು ನಾನೇನು ಹೇಳ್ದೆ ಅಂತ ಈಗ್ಲೂ ಗೊತ್ತಾಗ್ತಿಲ್ಲ.